ಮೇಷ್ಟ್ರು ಮುಟ್ಟದ ವೀಳ್ಯ

ಹತ್ತು ವರ್ಷಗಳ ಹಿಂದೆ ನಾನು ಅಕ್ಕಿಹೆಬ್ಬಾಳಿನ ಆಚೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. ಮೇಡಂ ಅನ್ನಿ ಎಂದು ಎಷ್ಟು ಬಡಕೊಂಡರೂ ಊರಿನ ಹಿರಿಯರಿಗೆ ನಾನು ಮೇಷ್ಟ್ರೇ. ಸ್ಪೇನ್, ಇಟಲಿಗಳಲ್ಲಿ ‘ಮಾಯೆಸ್ತ್ರೊ’, ಪೋರ್ಚುಗೀಸರಲ್ಲಿ ‘ಮೆಸ್ತ್ರೆ’, ಎಲ್ಲ ದೇಶದವರಿಗೂ ಸಲ್ಲಲೆಂದು ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ‘ಮಾಯ್‌ಸ್ಟ್ರೊ’. ಅದೇ ಲ್ಯಾಟಿನ್ ಬೇರಿನ ಪದ ಇಂಗ್ಲಿಷಿನ ಮಾಸ್ಟರ್ ಆಗಿ ಬಂದು ನಮ್ಮಲ್ಲಿ ಮೇಷ್ಟ್ರಾಯಿತು. ಸಮುದ್ರ ದಾಟಿ ಬಂದ ಆ ಪದಕ್ಕೆ ಊರಿನವರು ಒಂದು ಹಕ್ಕನ್ನೂ ಕೊಟ್ಟಿದ್ದರು. ಯಾರ ಮನೆಯಲ್ಲಿ ಮದುವೆ ನಿಶ್ಚಯದ ವೀಳ್ಯಶಾಸ್ತ್ರ ನಡೆದರೂ ಮೊದಲ ವೀಳ್ಯ ಶಾಲೆಯ ಮೇಷ್ಟ್ರಿಗೆ, ಆಮೇಲೆ ಬೀಗರಿಗೆ.

ಪುಟ್ಟಾಚಾರಿ ಊರಿನ ಬಡಗಿ. ಶಾಲೆಯ ಬೆಂಚುಗಳೆಲ್ಲ ಅವರ ಕೈಯವೇ. ಅವರ ಮಗಳು ಪವಿತ್ರ ಒಂಬತ್ತನೇ ತರಗತಿ, ಹದಿನಾಲ್ಕು ವರ್ಷ. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮಿಸ್, ಭಾನುವಾರ ನಂಗೆ ವೀಳ್ಯಶಾಸ್ತ್ರವಂತೆ” ಎಂದಳು. ಅಳಲಿಲ್ಲ.

ಪುಟ್ಟಾಚಾರಿಯನ್ನು ಕರೆಸಿ ಕೂಗಾಡಿದೆ. ನನ್ನ ಬಾಯಿ ಮೊದಲಿನಿಂದಲೂ ಜೋರು. “ಬರೀ ಮಾತ್ಕತೆ ಬುಡಿ ಮೇಷ್ಟ್ರೇ” ಎಂದು ಜಾರಿಕೊಂಡರು. ಸಿಡಿಪಿಒಗೆ, ಅಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ತಿಳಿಸಿದೆ. ಬರುತ್ತೇವೆ ಎಂದರು. ಆದರೆ ಅಧಿಕಾರಿಗಳ ಜೀಪು ಕಂಡರೆ ಹುಡುಗಿಯನ್ನು ನಾಗಮಂಗಲದ ನೆಂಟರ ಮನೆಗೆ ಸಾಗಿಸಿ ಅಲ್ಲೇ ತಾಳಿ ಕಟ್ಟಿಸಿಬಿಟ್ಟಾರು ಎಂಬ ಭಯ ನಮ್ಮಿಬ್ಬರಿಗೂ ಇತ್ತು. ಸದ್ಯ ಬರಬೇಡಿ ಎಂದೆ. ಅಪ್ಪನೇ ಕೈಬಿಡುವಂತೆ ಮಾಡಬೇಕಿತ್ತು.

ಭಾನುವಾರ ಹೋದೆ. ಪಡಸಾಲೆಯ ತುಂಬ ಜನ. ಪುಟ್ಟಾಚಾರಿ ವೀಳ್ಯದ ತಟ್ಟೆ ಹಿಡಿದು ನೇರ ನನ್ನ ಮುಂದೆ ಬಂದು ಬಗ್ಗಿದರು. ನಾನು ಕೈ ಕಟ್ಟಿಕೊಂಡೇ ಕೂತೆ.

“ತಕಳಿ ಮೇಷ್ಟ್ರೇ.”

“ಇದನ್ನ ನಾನು ಮುಟ್ಟಲ್ಲ, ಪುಟ್ಟಾಚಾರ್ರೇ. ಮಗು ಇನ್ನೂ ಒಂಬತ್ತನೇ ಕ್ಲಾಸು.”

ಗಂಡಿನ ಕಡೆಯ ಹಿರಿಯರೊಬ್ಬರು ರೇಗಿದರು: “ಅವ್ರೇನ್ ಕೇಳದು? ಇತ್ತ ಕೊಡ್ಲಾ!”

ಪುಟ್ಟಾಚಾರಿ ಅತ್ತ ತಿರುಗಿದರು. ಆಗ ಒಳಗಿನಿಂದ ಅವರ ತಾಯಿ ಬಂದು ಬಾಗಿಲಲ್ಲಿ ನಿಂತರು.

“ಮೇಷ್ಟ್ರು ಮುಟ್ಟದೆ ಇರೋದ್ನ ಇನ್ನೊಬ್ರಿಗೆ ಎಂಗ್ಲಾ ಕೊಟ್ಟೀಯೆ? ನಿಮ್ಮಪ್ಪ ಅಂಗೆ ಮಾಡಿದ್ನಾ ಯಾವತ್ತಾರ? ಮಡಗ್ಲಾ ತಟ್ಟೆಯ.”

ತಟ್ಟೆಯನ್ನು ದೇವರ ಗೂಡಿನ ಮುಂದಿಟ್ಟು ಪುಟ್ಟಾಚಾರಿ ಅಲ್ಲೇ ಕೂತರು. ಬೀಗರು ಎದ್ದು ಹೋದರು.

ಆಮೇಲೆ ಆ ಊರಿನಲ್ಲಿ ಯಾರೂ ನನ್ನನ್ನು ವೀಳ್ಯಕ್ಕೆ ಕರೆಯಲಿಲ್ಲ. ಪುಟ್ಟಾಚಾರಿ ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಪವಿತ್ರ ಶಾಲೆ ತಪ್ಪಿಸಲಿಲ್ಲ. ಊರು ಕೊಟ್ಟ ಮರ್ಯಾದೆಯನ್ನು ಒಂದು ಮಗುವಿಗಾಗಿ ಕಳೆದುಕೊಳ್ಳಲು ಮೇಷ್ಟ್ರಾದವರು ತಯಾರಿರಬೇಕು. ಆ ನೌಕರಿ ನನಗೆ ಕಲಿಸಿದ್ದು ಇಷ್ಟು.

ನಿವೃತ್ತಿಯಾದ ಮೇಲೆ ಶ್ರೀರಂಗಪಟ್ಟಣದಲ್ಲಿದ್ದೇನೆ. ಕಳೆದ ವರ್ಷ ಬಾಗಿಲು ತೆರೆದರೆ ಪುಟ್ಟಾಚಾರಿ ನಿಂತಿದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು. ಕೈಯಲ್ಲಿ ತಟ್ಟೆ. ಕೂರಿ ಎಂದರೂ ಕೂರಲಿಲ್ಲ.

“ಪವಿತ್ರಂಗೆ ಇಪ್ಪತ್ಮೂರು, ಮೇಷ್ಟ್ರೇ. ಪಾಂಡವಪುರದಲ್ಲಿ ನರ್ಸ್ ಆಗವ್ಳೆ. ಹುಡುಗುನ್ನ ಅವ್ಳೇ ಒಪ್ಪವ್ಳೆ. ಬೀಗರು ಮನೇಲಿ ಕಾಯ್ತಾವ್ರೆ, ಯಾರ್ಗೂ ಇನ್ನೂ ಕೊಟ್ಟಿಲ್ಲ. ಈಗ ಮುಟ್ಟೀರಾ?”

ನಾನು ಸೆರಗೊಡ್ಡಿದೆ.