ಮಡಿಲಿಗೆ ಹಾಕಿದ ತಾಂಬೂಲ

ನಾನು ಹುಟ್ಟಾ ಹೆದರುಪುಕ್ಕಲಿ. ಯಾರಾದರೂ ಬಾಗಿಲು ಬಡಿದರೆ ಈಗಲೂ ಮೊದಲು ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ಕಾಲು ಏಳುತ್ತದೆ. ಶಿಡ್ಲಘಟ್ಟದ ನಮ್ಮ ಮನೆಯನ್ನು ಮಾರುವ ಮಾತೆದ್ದ ಬೇಸಿಗೆಯಲ್ಲಿ ಹೆದರಿದಷ್ಟು ಮಾತ್ರ ಆಮೇಲೆಂದೂ ಹೆದರಿಲ್ಲ. ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ. ಹೈಸ್ಕೂಲು ಮುಗಿಸಿ, ಹೆಣ್ಣು ನೋಡಲು ಬರುವವರಿಗೆ ಉಪ್ಪಿಟ್ಟು ಕೆದಕಿಕೊಂಡು ಮನೆಯಲ್ಲಿದ್ದೆ.

ಅದು ಅಮ್ಮನ ಮನೆ. ತಾತನಿಗೆ ಗಂಡುಮಕ್ಕಳಿರಲಿಲ್ಲವಾಗಿ ಅಮ್ಮನ ಹೆಸರಿಗೇ ಬರೆದುಕೊಟ್ಟಿದ್ದರು. ಅಪ್ಪನಿಗೆ ಗೌರಿಬಿದನೂರಿಗೆ ವರ್ಗವಾಗಿ, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೊರಡುವುದು ಅಭ್ಯಾಸವಾಗಿತ್ತು. ಎರಡು ಕಡೆ ಒಲೆ ಉರಿಸುವುದು ಸಾಕಾಗಿ, ಇದನ್ನು ಮಾರಿ ಅಲ್ಲೇ ಒಂದು ಕೊಳ್ಳೋಣ ಎನ್ನುತ್ತಿದ್ದರು. ಅಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೊನೆಗೆ ಅಪ್ಪನೇ ಒಂದು ದಾರಿ ಹುಡುಕಿದರು: ಬಂದವರು ಮನೆ ನೋಡಿಕೊಂಡು ಹೋಗಲಿ, ಮಾತು ಮಾತ್ರ ನಾನಿಲ್ಲದಾಗ ಬೇಡ, ನಿನಗೆ ಮನಸ್ಸಿಲ್ಲದಿದ್ದರೆ ಮಾರುವುದೂ ಬೇಡ.

ಜನರನ್ನು ಕರೆತರಲು ಒಪ್ಪಿಕೊಂಡವರು ನಮ್ಮ ಬೀದಿಯ ತುದಿಯಲ್ಲಿದ್ದ ಸಾಹೇಬರು. ಅವರು ಮುಖ್ಯವಾಗಿ ರೇಷ್ಮೆಗೂಡಿನ ದಲ್ಲಾಳಿ. ಗೂಡಿನ ವ್ಯಾಪಾರದಲ್ಲಿ ಅವರು ಟವೆಲ್ಲಿನ ಮರೆಯಲ್ಲಿ ಒಂದು ಕೈಯಲ್ಲಿ ರೈತನ ಬೆರಳು, ಇನ್ನೊಂದು ಕೈಯಲ್ಲಿ ಕೊಳ್ಳುವವನ ಬೆರಳು ಹಿಡಿದು ಕೂರುತ್ತಿದ್ದರು. ಬೆರಳೊತ್ತಿ ಹೇಳುವ ಇಬ್ಬರ ದರವೂ ಅವರೊಬ್ಬರಿಗೇ ಗೊತ್ತು. ಮನೆಯ ವ್ಯವಹಾರದಲ್ಲೂ ಹಾಗೆಯೇ, ಎರಡೂ ಕಡೆಯ ದಲ್ಲಾಳಿ ಅವರೇ. ನಮ್ಮ ಕಡೆಗೆ ನೋಡಿಕೊಳ್ಳಿ ಎಂದು ಅಮ್ಮ ಕೇಳಿಕೊಂಡಾಗ ಅವರು ತಲೆಯಾಡಿಸಿದ್ದರು. ಇದೇ ತಲೆಯನ್ನು ಆ ಕಡೆಯವರಿಗೂ ಆಡಿಸುತ್ತಾರಲ್ಲ ಎಂದು ನನಗೆ ಆಗಲೇ ಅಳುಕು.

ಒಂದು ಮಧ್ಯಾಹ್ನ ಅವರು ಮೇಲೂರಿನ ಒಬ್ಬ ರೈತರನ್ನು ಕರೆತಂದರು. ಜೊತೆಗೆ ರೈತರ ಹೆಂಡತಿ, ಬಾಣಂತನಕ್ಕೆ ತವರಿಗೆ ಬಂದಿದ್ದ ತುಂಬುಬಸುರಿ ಮಗಳು. ಹಳ್ಳಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದರೆ ಏನು ಗತಿ ಎಂದು, ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಪೇಟೆಯಲ್ಲಿ ಮನೆ ಹುಡುಕುತ್ತಿದ್ದರು. ಹುಡುಗಿ ನಡುಮನೆಯ ತಂಪಿಗೆ ಗೋಡೆಗೊರಗಿ ಕುಳಿತವಳು ಏಳಲೇ ಇಲ್ಲ. ಅಮ್ಮ ಮಜ್ಜಿಗೆ ಕೊಟ್ಟಳು, ಎಷ್ಟು ತಿಂಗಳು, ಊಟ ಸೇರುತ್ತದಾ ಎಂದೆಲ್ಲ ವಿಚಾರಿಸಿದಳು. ಹೊರಡುವಾಗ ಅಂಥವಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಕುಂಕುಮವಿಟ್ಟು, ಎಲೆಅಡಿಕೆ, ತೆಂಗಿನಕಾಯಿ, ಒಂದು ರವಿಕೆಕಣ, ಹಿಡಿ ಅಕ್ಕಿ ಹಾಕಿ ಮಡಿಲು ತುಂಬಿದಳು.

ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ರೈತರು ಮಗಳ ಸೆರಗಿನಲ್ಲಿದ್ದ ಕಾಯಿ ನೋಡಿದರು. ಅವರ ಮುಖ ಅರಳಿತು.

"ಬಾಯಲ್ಲಿ ಹೇಳೋ ಬದ್ಲು ಕಾಯಿ ಕೊಟ್ಟೇ ಒಪ್ಕೊಂಡ್ರಿ ತಾಯಿ. ಇನ್ನು ನಮ್ಮಲ್ಲಿ ಎರಡು ಮಾತಿಲ್ಲ" ಎಂದು ಕೈಮುಗಿದರು.

ನಮ್ಮ ಕಡೆ ಮನೆಯಾಗಲಿ ಹೊಲವಾಗಲಿ, ಮಾರುವವರು ಕೊಳ್ಳುವವರಿಗೆ ಕಾಯಿ ತಾಂಬೂಲ ಕೊಟ್ಟರೆ ವ್ಯಾಪಾರ ಮುಗಿದಂತೆ. ಪತ್ರ ಆಮೇಲಿನದು. ಅಮ್ಮನ ಕಣ್ಣಿಗೆ ಕಂಡದ್ದು ಬಸುರಿ, ಅವರ ಕಣ್ಣಿಗೆ ಕಂಡದ್ದು ಮನೆ. ಅಲ್ಲವೆನ್ನಲು ಅಮ್ಮ ಹೊಸಿಲಿಗೆ ಬರುವಷ್ಟರಲ್ಲಿ ಅವರು ಮಗಳ ಕೈ ಹಿಡಿದು ಬೀದಿಗಿಳಿದಿದ್ದರು. ಸಾಹೇಬರು ಒಮ್ಮೆ ಅವಳನ್ನು, ಒಮ್ಮೆ ರೈತರನ್ನು ನೋಡಿ, ಏನೂ ಹೇಳದೆ ಮೆಟ್ಟಿಲಿಳಿದರು. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಶನಿವಾರದವರೆಗೆ ನಮ್ಮಿಬ್ಬರಿಗೂ ಅನ್ನ ಸೇರಲಿಲ್ಲ. ಮನೆ ಕುದುರಿತೆಂದು ಮೇಲೂರಿನಲ್ಲೆಲ್ಲ ಹೇಳಿಕೊಂಡಿದ್ದಾರೆ ಎಂದು ಹಾಲಿನವಳು ತಿಳಿಸಿದಳು. ಎತ್ತಿನ ಗಾಡಿಯ ಸದ್ದಾದರೆ ಅವರೇ ಸಾಮಾನು ತುಂಬಿಕೊಂಡು ಬಂದರೆಂದು ನಾನು ಕಿಟಕಿಗೆ ಓಡುತ್ತಿದ್ದೆ. ಅಮ್ಮ ಒಲೆ ಹೊತ್ತಿಸಿ ಪಾತ್ರೆ ಇಡುವುದನ್ನೇ ಮರೆಯುತ್ತಿದ್ದಳು. ಕೊನೆಗೆ ಸಾಹೇಬರಿಗೆ ಹೇಳಿಕಳಿಸಿ, ವ್ಯಾಪಾರ ಆಗಿಲ್ಲವೆಂದು ಆ ರೈತರಿಗೆ ಹೋಗಿ ತಿಳಿಸಿ ಬನ್ನಿ ಎಂದು ಬೇಡಿಕೊಂಡಳು. ಸಾಹೇಬರು ಬಂದವರು ಜಗಲಿ ಹತ್ತಲಿಲ್ಲ.

"ಹೋಗಿ ಹೇಳಿದ್ರೆ ನಿಮ್ಮ ಕಡೆಯೋನು ಅಂತಾರೆ. ಹೋಗ್ದೆ ಇದ್ರೆ ಅವರ ಕಡೆಯೋನು ಅಂತ ನೀವಂತೀರಿ. ಯಜಮಾನ್ರು ಬರ್ಲಿ ಅಮ್ಮಾ, ಎಲ್ರೂ ಕೂತಾಗ ಕಂಡದ್ದನ್ನ ಹೇಳ್ತೀನಿ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ವ್ಯಾಪಾರವಾದರೆ ಎರಡೂ ಕಡೆ ಕಮಿಷನ್ನು, ಮುರಿದರೆ ಕೈಗೆ ಚಿಪ್ಪು. ಇಂಥವರ ನಾಲಿಗೆ ಯಾವ ಕಡೆ ಹೊರಳುತ್ತದೆಂದು ಕೇಳಬೇಕೆ? ಮನೆ ಹೋದಂತೆಯೇ ಎಂದುಕೊಂಡೆ.

ಅಪ್ಪ ಬಂದು ಎಲ್ಲವನ್ನೂ ಕೇಳಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭಾನುವಾರ ಬೆಳಿಗ್ಗೆ ಎರಡೂ ಕಡೆಯವರು ಹಜಾರದಲ್ಲಿ ಸೇರಿದರು. ರೈತರ ಜೊತೆ ಮಗಳೂ ಬಂದಿದ್ದಳು, ಸಾಕ್ಷಿಗೆಂದು ಆ ಕಾಯಿಯೂ ಅವಳ ಚೀಲದಲ್ಲಿತ್ತು. ನಾನು ನಡುಮನೆಯ ಬಾಗಿಲು ಹಿಡಿದು ನಿಂತಿದ್ದೆ.

ಸಾಹೇಬರು ಯಾರ ಮುಖವನ್ನೂ ನೋಡದೆ ಹೇಳಿದರು: "ನಾನು ಅಲ್ಲೇ ಇದ್ದೆ. ಆ ಕಾಯಿ ಹುಡುಗಿಗೆ ಕೊಟ್ಟಿದ್ದು, ಮನೆಗೆ ಕೊಟ್ಟಿದ್ದಲ್ಲ. ವ್ಯಾಪಾರ ಆಗಿಲ್ಲ."

ನನಗೆ ಹೋದ ಜೀವ ಬಂದಂತಾಯಿತು. ಅವರ ಬಗ್ಗೆ ಏನೆಲ್ಲ ಅಂದುಕೊಂಡಿದ್ದೆನೋ ಅದಕ್ಕೆ ನಾಚಿಕೆಪಡಲು ಮಾತ್ರ ಸಮಯ ಸಿಗಲಿಲ್ಲ. ರೈತರ ಮುಖ ಕಪ್ಪಿಟ್ಟಿತು. ಜಗಳವಾಡುವ ಮನುಷ್ಯರಲ್ಲ, ಮಾನಕ್ಕೆ ಅಂಜುವವರು. ವ್ಯಾಪಾರ ಇಲ್ಲವೆಂದ ಮೇಲೆ ಕಾಯಿ ನಮ್ಮಲ್ಲಿರಬಾರದು, ಪದ್ಧತಿಯಂತೆ ಹಿಂದಕ್ಕೆ ಕೊಡುತ್ತೇವೆ ಎಂದರು. ಅದು ಹೆಂಗಸರ ವಿಷಯ, ಬಿಟ್ಟುಬಿಡಿ ಎಂದು ಸಾಹೇಬರು ಎಷ್ಟು ಹೇಳಿದರೂ ಕೇಳಲಿಲ್ಲ. ನಾವೇನು ಭಿಕ್ಷೆಗೆ ಬಂದಿದ್ದೆವಾ ಎಂದು ಮಗಳ ಕಡೆ ಕೈಮಾಡಿದರು. ಹುಡುಗಿ ಚೀಲದಿಂದ ಕಾಯಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅಮ್ಮನ ಮುಂದೆ ನಿಂತಳು. ಆ ಮನೆಯಲ್ಲಿ ನನಗಿಂತ ಹೆಚ್ಚು ಹೆದರಿದ್ದವಳೆಂದರೆ ಅವಳೇ.

ಅಮ್ಮ ಕೈ ನೀಡಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಬೇಡ ಕಣಮ್ಮ. ಮಡಿಲು ತುಂಬಿದ್ದನ್ನ ನಾನು ವಾಪಸ್ ತಗೊಳ್ಳಲ್ಲ. ಮನೆ ನಿಮಗೇ ಇರ್ಲಿ, ಕಾಯೀನ ಸೆರಗಿಗೆ ಹಾಕ್ಕೋ."

ಅಪ್ಪ ಅರ್ಧ ಎದ್ದವರು ಹಾಗೇ ಕುಳಿತರು. ಅವರಿಗೆ ಗೊತ್ತಿತ್ತು. ನನಗಿಂತ ಮುಂಚೆ ಅಮ್ಮ ಒಂದು ಮಗುವನ್ನು ಕಳೆದುಕೊಂಡಿದ್ದಳು. ಬಸುರಿಯಾಗಿದ್ದಾಗ ನೆಂಟರೊಬ್ಬರು ಮಡಿಲು ತುಂಬಿ, ಆಮೇಲೆ ಏನೋ ಮನಸ್ತಾಪವಾಗಿ ಕೊಟ್ಟದ್ದನ್ನು ಹಿಂದಕ್ಕೆ ತರಿಸಿಕೊಂಡಿದ್ದರಂತೆ. ಮಗು ಉಳಿಯದ್ದಕ್ಕೆ ಅದೇ ಕಾರಣವೆಂದು ಅವಳ ನಂಬಿಕೆ. ಯಾವ ಡಾಕ್ಟರು ಹೇಳಿದರೂ ಅವಳು ಕೇಳುತ್ತಿರಲಿಲ್ಲ.

ಪತ್ರಕ್ಕೆ ರುಜು ಹಾಕುವಾಗ, ಪಾತ್ರೆಪಡಗ ಗಾಡಿಗೆ ಏರಿಸುವಾಗ ಅಮ್ಮನ ಕಣ್ಣಿನಲ್ಲಿ ಒಂದು ಹನಿ ಬರಲಿಲ್ಲ. ಗೌರಿಬಿದನೂರಿನಲ್ಲಿ ಮನೆ ಸಿಗುವವರೆಗೆಂದು ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ನಾನಂತೂ ಅವಳ ಮುಖ ನೋಡಲು ಹೆದರುತ್ತಿದ್ದೆ. ರಾತ್ರಿ ಹಗಲು ಅವಳು ಏನನ್ನೋ ಕಾಯುತ್ತಿದ್ದಂತಿತ್ತು.

ಒಂದು ಬೆಳಿಗ್ಗೆ ಸಾಹೇಬರು ಬಾಗಿಲಿಗೆ ಬಂದರು. ನಮ್ಮೊಡನೆ ಅವರಿಗಿನ್ನು ಯಾವ ವ್ಯವಹಾರವೂ ಉಳಿದಿರಲಿಲ್ಲ. ಗಂಡುಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂದರು. ನಿಜವಾಗ್ಲೂ ಇಬ್ಬರೂನಾ ಎಂದು ಅಮ್ಮ ಮತ್ತೆ ಮತ್ತೆ ಕೇಳಿದಳು. ಮಗು ಅಳುವುದನ್ನು ನಾನೇ ಕೇಳಿಸಿಕೊಂಡು ಬಂದೆ ಎಂದು ಅವರು ಹೇಳಿದ ಮೇಲೆ ಹೊಸಿಲ ಮೇಲೆ ಕುಸಿದು ಕುಳಿತಳು. ತನ್ನ ಕಣ್ಣೀರು ಆ ಮಗುವಿಗೆ ತಾಗೀತೆಂದು ಅಷ್ಟು ದಿನ ಅಳುವುದಕ್ಕೂ ಹೆದರಿದ್ದವಳು, ಬಾಯಿಗೆ ಸೆರಗು ಒತ್ತಿಕೊಂಡು, "ನಮ್ಮಪ್ಪನ ಮನೆ ಹೋಯ್ತಲ್ಲೇ" ಎಂದು ಬಿಕ್ಕಿದಳು.