ರೊಕ್ಕದ ಬದಲು ಸೀರೆ

ಆಳಂದದ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಸೀರೆ ಬಿಚ್ಚುವುದು, ಹೆಗಲ ಮೇಲೆ ಹಾಕಿಕೊಂಡು ತೋರಿಸುವುದು, ಗಿರಾಕಿ ಎದ್ದು ಹೋದ ಮೇಲೆ ಮಡಚಿಡುವುದು. ಗಂಡ ಟಂಟಂ ಆಟೋ ಓಡಿಸುತ್ತಾನೆ. ಅವನ ಗಳಿಕೆಯಲ್ಲಿ ಡೀಸೆಲ್ಲು, ರಿಪೇರಿ, ಗೆಳೆಯರ ಚಹಾ ಕಳೆದು ಉಳಿದದ್ದು ಮನೆಗೆ ಬರುತ್ತಿತ್ತು. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ನನ್ನ ಕೈಯಲ್ಲಿ ಒಂದಿಷ್ಟು ರೊಕ್ಕ ಕಂಡರೆ ಸಾಕು, ಮೈದುನನಿಗೆ ಹೊಸ ಮೊಬೈಲ್ ಬೇಕಾಗುತ್ತಿತ್ತು, ಅತ್ತೆಗೆ ಯಾರದೋ ಮದುವೆಗೆ ಮುಯ್ಯಿ ಮಾಡಬೇಕಾಗುತ್ತಿತ್ತು. ಬ್ಯಾಂಕಿಗೆ ಹಾಕೋಣವೆಂದರೆ ಖಾತೆಯ ಮೆಸೇಜು ಗಂಡನ ಫೋನಿಗೆ ಹೋಗುತ್ತಿತ್ತು. ಅದಕ್ಕೇ ಪ್ರತಿ ತಿಂಗಳು ಸಂಬಳದಲ್ಲಿ ಸ್ವಲ್ಪವನ್ನು ಅಂಗಡಿಯ ಸಾವ್ಕಾರರ ಹತ್ತಿರವೇ ಬಿಡುತ್ತಿದ್ದೆ. ಅದು ಮಗಳ ನರ್ಸಿಂಗ್ ಓದಿಗೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಸಾವ್ಕಾರರಿಗೆ ವಯಸ್ಸಾಯಿತು, ಅವರ ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಸೀರೆ ಬೇಕಾದವರು ಕಲಬುರಗಿಗೆ ಹೋಗತೊಡಗಿದ್ದರು, ಇಲ್ಲವೇ ಮೊಬೈಲಿನಲ್ಲೇ ತರಿಸಿಕೊಳ್ಳುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಮಗ ನನ್ನನ್ನು ಕರೆದ.

“ಅಕ್ಕಾರ, ಸೀರಿ ವ್ಯಾಪಾರ ಬಂದ್ ಮಾಡಾಕತ್ತೀವಿ. ಇನ್ನ ಬರೇ ಹುಡುಗೂರ ರೆಡಿಮೇಡ್. ನೀವು ಬ್ಯಾರೆ ಕಡೆ ನೋಡ್ಕೋರಿ.”

“ನನ್ನ ರೊಕ್ಕ ನಿಮ್ಮಪ್ಪಾರ ಕಡೆ ಅದಾವಲ್ರಿ,” ಎಂದೆ.

ಸಾವ್ಕಾರರು ಅಲ್ಲೇ ಗಾದಿಯ ಮೇಲಿದ್ದರು. ಹೌದೆಂದು ಒಪ್ಪಿಕೊಂಡರು, ಎಷ್ಟೆಂಬುದನ್ನೂ ಸರಿಯಾಗಿಯೇ ಹೇಳಿದರು. ಹೇಳಿ ಮಗನ ಮುಖ ನೋಡಿದರು.

“ಈಗ ಕ್ಯಾಶ್ ಇಲ್ರಿ. ಮಾಲ್ ಅದ,” ಎಂದ ಮಗ. “ಅಷ್ಟು ರೊಕ್ಕದ ಸೀರಿ ಒಯ್ರಿ. ನಿಮಗ ಮಾರಾಕ ಬರ್ತದ.”

ಅವನು ತೆಗೆಸಿದ ಸೀರೆಗಳನ್ನು ನಾನು ಬಲ್ಲೆ. ವರ್ಷಗಟ್ಟಲೆ ಅವನ್ನು ಮಾರಲು ಹೆಣಗಿ ಸೋತವಳೇ ನಾನು. ಚುಚ್ಚುವ ಜರಿ, ಮಡಿಕೆಯ ಗೆರೆಯಲ್ಲಿ ಮಾಸಿದ ಬಣ್ಣ. ಬೆಲೆಯನ್ನು ಮಾತ್ರ ಚೀಟಿಯಲ್ಲಿದ್ದಷ್ಟೇ ಹಿಡಿದ. ಸಾವ್ಕಾರರು ಏನಾದರೂ ಅಂದಾರೆಂದು ಕಾದೆ. ಅವರು ಕನ್ನಡಕ ಒರೆಸಿಕೊಂಡು, “ಚಾ ಕುಡದು ಹೋಗವಾ,” ಎಂದರು. ಕುಡಿಯಲಿಲ್ಲ.

ಎರಡು ಗಂಟು ಸೀರೆಯನ್ನು ಮನೆಯಲ್ಲಿ ಬಚ್ಚಿಡುವುದು ಹೇಗೆ? ಗಂಡನಿಗೆ ಎಲ್ಲ ಹೇಳಬೇಕಾಯಿತು. ಕೆಲಸ ಹೋದದ್ದರ ಬಗ್ಗೆ ಅವನು ಒಂದು ಮಾತೂ ಕೇಳಲಿಲ್ಲ.

“ಇಷ್ಟ ವರ್ಷ ಮುಚ್ಚಿಟ್ಟಿದ್ದೇನು? ಇನ್ನೂ ಎಲ್ಲೆಲ್ಲಿ ಇಟ್ಟೀಬೇ?”

ನನ್ನ ಟ್ರಂಕು ತೆರೆದು ನೋಡಿದ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮೊದಲು ಗಂಟು ಹೊತ್ತು ಹೋದದ್ದು ತವರಿಗೆ, ಅಂದೋಲಾಕ್ಕೆ. ಅಣ್ಣನ ಹೆಂಡತಿ, ನನ್ನ ವೈನಿ, ಎರಡು ಸೀರೆ ಆರಿಸಿ ಒಳಗಿಟ್ಟು ಬಂದಳು. ರೊಕ್ಕ ಕೇಳಿದರೆ ನಕ್ಕಳು.

“ಪಂಚಮಿಗಿ ನಾವು ನಿನಗ ಸೀರಿ ಉಡಿಸಿಲ್ಲೇನು? ಅದಕ್ಕ ಇದು ವಜಾ ಆಯ್ತು ತಗೋ.”

ಅಣ್ಣ ಅಂಗಳ ನೋಡುತ್ತಾ ಕೂತಿದ್ದ. ಬಸ್‌ಸ್ಟ್ಯಾಂಡಿಗೆ ಬಿಟ್ಟು ಟಿಕೆಟ್ಟಿಗೆಂದು ಕೈಯಲ್ಲಿ ನೋಟು ತುರುಕಿದ. ಆಳಂದದಲ್ಲಿ ನಮ್ಮ ಓಣಿಯ ಹೆಂಗಸರು ಬೆಳೆ ರಾಶಿಯಾದ ಮೇಲೆ ಕೊಡುತ್ತೇವೆಂದು ಉದ್ರಿ ಒಯ್ದರು. ಕೆಲವರು ಕೊಟ್ಟರು. ಕೊಡದವರು ಈಗ ನಾನು ಹೋದರೆ ಒಳಗೇ ಇರುತ್ತಾರೆ.

ಅಫಜಲಪುರದ ಸಂತೆಯಲ್ಲಿ ಹರವಿ ಕೂತೆ. ಹೆಂಗಸರು ಮುಟ್ಟಿ ನೋಡಿ ಮುಂದೆ ಹೋದರು. ಕೊನೆಗೆ ಹವಳಗಾದ ಸಕ್ಕರೆ ಕಾರ್ಖಾನೆಯ ಹತ್ತಿರ, ಕಬ್ಬು ಕಡಿಯಲು ಬಂದವರ ಗುಡಿಸಲುಗಳಿಗೆ ಹೋದೆ. ಆ ಹೆಂಗಸರು ಮರಾಠಿಯಲ್ಲಿ ಚೌಕಾಸಿ ಮಾಡಿ ಅರ್ಧ ಬೆಲೆಗೆ ಇಳಿಸಿದರು. ಆದರೆ ಸೆರಗಿನ ಗಂಟು ಬಿಚ್ಚಿ ಅಲ್ಲೇ ಎಣಿಸಿ ಕೊಟ್ಟರು. ಒಬ್ಬಳು ಬಣ್ಣ ಬಿಡುತ್ತದೆಯೇ ಎಂದು ಕೇಳಿದಳು. ಬಿಡುತ್ತದೆ ಎಂದೆ. ಆದರೂ ತೆಗೆದುಕೊಂಡಳು.

ಅಷ್ಟರಲ್ಲಿ ಮನೆಯಲ್ಲಿ ಹಾಲು ನಿಲ್ಲಿಸಿದ್ದೆ, ಸಿಲಿಂಡರ್ ತುಂಬಿಸದೆ ಕಟ್ಟಿಗೆ ಒಲೆ ಹಚ್ಚಿದ್ದೆ, ವಿಮೆಯ ಕಂತು ತಪ್ಪಿಸಿದ್ದೆ. ಕಿವಿಯ ಬೆಂಡೋಲೆ ಕಿರಾಣಿ ಬಾಕಿಗೆ ಹೋಯಿತು. ನರ್ಸಿಂಗ್ ಕಾಲೇಜಿಗೆ ಫೀ ಕಟ್ಟುವ ದಿನ ಬಂದಾಗ ಅರ್ಧವೂ ಕೂಡಿರಲಿಲ್ಲ. ಗಂಡನನ್ನು ಕೇಳಿದೆ.

“ನನ್ನನ್ಯಾಕ ಕೇಳ್ತಿ? ನಿನ್ನ ಸಾವ್ಕಾರನ್ನ ಕೇಳಹೋಗು,” ಎಂದ.

ಮಗಳು ಊರಿನ ಸರ್ಕಾರಿ ಕಾಲೇಜಿಗೆ ಬಿ.ಎ. ಸೇರಿದಳು. ಒಂದೆರಡು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಒಬ್ಬ ಟೇಲರ್ ಕೊಡುವ ಸೀರೆಗಳಿಗೆ ಮನೆಯಲ್ಲೇ ಫಾಲ್ ಹಚ್ಚುತ್ತೇನೆ. ಪೋಸ್ಟಾಫೀಸಿನಲ್ಲಿ ನನ್ನದೇ ಫೋನ್ ನಂಬರ್ ಕೊಟ್ಟು ಖಾತೆ ತೆರೆದಿದ್ದೇನೆ, ಗಂಡನಿಗೆ ತಿಳಿಸಿಯೇ. ಆಗಾಗ ಎಷ್ಟಾಗಿದೆ ಎಂದು ಕೇಳುತ್ತಾನೆ. ಇದ್ದದ್ದು ಇದ್ದಂತೆ ಹೇಳುತ್ತೇನೆ. ಅವನು ನಂಬುವುದಿಲ್ಲ. ನಾನೂ ಎರಡನೆಯ ಸಲ ಹೇಳುವುದಿಲ್ಲ.