ಕೊಡ ಹಿಡಿದು ಓಡಿದ ಊರು

ಇತ್ತೀಚಿನ ಒಂದು ಬೇಸಿಗೆ. ಗಡಿಯಲ್ಲಿ ಬಿಗುವು ಏರಿ, ಟಿವಿ ಹಚ್ಚಿದರೆ ಸಾಕು, ಬರೀ ಯುದ್ಧದ ಮಾತು. ನನ್ನ ಯಜಮಾನರು ಸೈನ್ಯದಲ್ಲಿದ್ದಾರೆ, ಆಗ ಉತ್ತರದ ಗಡಿಯಲ್ಲಿದ್ದರು. ಗುಡಗೇರಿ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನು ಮತ್ತು ನನ್ನ ಅತ್ತೆ. ಅತ್ತೆಗೆ ಎರಡೂ ಕಣ್ಣು ಮಂಜು. ಅಪರೂಪಕ್ಕೆ ಫೋನ್ ಸಿಕ್ಕಾಗ ಯಜಮಾನರು ಕೇಳುತ್ತಿದ್ದುದು ಒಂದೇ: "ಏನರೆ ಆದ್ರ ಅವ್ವನ್ನ ಯಾರು ನೋಡ್ತಾರ?" ನಾನು ಇದ್ದೀನಲ್ಲ ಎಂದರೂ ಸಮಾಧಾನವಿಲ್ಲ. ಬಂದೂಕು ಹಿಡಿದವರ ತಲೆಯಲ್ಲಿ ಮನೆಯ ಚಿಂತೆ ಕೂತರೆ ಹೇಗೆ ಎಂದು ನನಗೆ ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಅದೇ ವಾರ ನಮ್ಮೂರಲ್ಲಿ ವಿಮಾನ ದಾಳಿಯ ತಾಲೀಮು ಮಾಡುವುದೆಂದು ಗೊತ್ತಾಯಿತು. ತಾಲೂಕಿನಿಂದ ಒಬ್ಬ ಅಧಿಕಾರಿ, ಆರೋಗ್ಯ ಕೇಂದ್ರದ ನರ್ಸಬಾಯಿ, ಸೈನ್ಯದ ಕಡೆಯಿಂದ ಒಬ್ಬ ಸುಬೇದಾರರು ಬಂದರು. ಎಲ್ಲ ತಂದಿದ್ದರು, ಸೈರನ್ ಮಾತ್ರ ಇರಲಿಲ್ಲ. ನಮ್ಮೂರ ಮಸೂತಿಯಲ್ಲಿ ರಂಜಾನಿನಲ್ಲಿ ರೋಜಾ ಬಿಡುವ ಹೊತ್ತಿಗೆ ಕೂಗಿಸುವ ಸೈರನ್ ಇದೆ. ಅದನ್ನು ನೋಡಿಕೊಳ್ಳುವ ಹುಸೇನಸಾಬ ಕಾಕಾ ತಾವೇ ಮುಂದೆ ಬಂದರು.

"ಸರ್ಕಾರದ್ದು ಬರೂತನಕ ವಿಮಾನ ಕಾಯ್ತದೇನ್ರಿ ಸಾಹೇಬ್ರ? ನಮ್ದ ಹಚ್ಚರಿ" ಎಂದರು.

ಸೈರನ್ ಕೂಗಿದ ಕೂಡಲೇ ಯಾರೂ ಬಯಲಿನಲ್ಲಿ ಇರಬಾರದು, ಮಣ್ಣಿನ ಮನೆಯವರು ಹತ್ತಿರದ ಸ್ಲ್ಯಾಬಿನ ಮನೆ ಸೇರಬೇಕು ಎಂದು ಸುಬೇದಾರರು ತಿಳಿಸಿ ಹೇಳಿದರು. ಸಿಪಾಯಿ ಹೆಂಡತಿ ಎಂದು ನಮ್ಮ ಓಣಿಯ ಉಸ್ತುವಾರಿ ನನಗೆ ಬಂತು. ನಾನು ಮಸೂತಿ ಬಾಗಿಲಲ್ಲಿ ನಿಂತು ಯಾರು ಹೊರಗೆ ಉಳಿದರು ನೋಡಬೇಕು. ನಮ್ಮದು ಹಳೆಯ ಮಣ್ಣಿನ ಮನೆ. ಅತ್ತೆಯನ್ನು ಬಾಜು ಮನೆಯ ಶಾಂತವ್ವ ಕೈಹಿಡಿದು ಕಾಕಾನವರ ಮನೆಗೆ ಮುಟ್ಟಿಸುವುದೆಂದು ಮಾತಾಯಿತು.

ಸಂಜೆಯ ಬಿಸಿಲಲ್ಲಿ ಸೈರನ್ ಕೂಗಿದ್ದೇ ತಡ, ಇಡೀ ಊರು ಹೊರಗೆ ಬಂತು. ಬರಿಗೈಯಲ್ಲಲ್ಲ, ಕೊಡ, ಬಕೀಟು, ಬಿಂದಿಗೆ ಹಿಡಿದು. "ಎಲ್ಲಿ ಹತ್ತೇತಿ? ಯಾರ ಬಣವಿ?" ಎಂದು ಕೂಗುತ್ತ ಎಲ್ಲರೂ ಮಸೂತಿಯತ್ತ ಓಡಿ ಬಂದರು. ನಮ್ಮ ಕಡೆ ಬೇಸಿಗೆಯಲ್ಲಿ ಮೇವಿನ ಬಣವೆಗೆ ಬೆಂಕಿ ಬಿದ್ದರೆ ಮಸೂತಿಯಿಂದಲೇ ಕೂಗಿಸುತ್ತಾರೆ. ಹೊತ್ತಲ್ಲದ ಹೊತ್ತಿಗೆ ಅಲ್ಲಿಂದ ಸದ್ದು ಬಂದರೆ ನಮ್ಮ ಜನರಿಗೆ ಗೊತ್ತಿರುವುದು ಅದೊಂದೇ. ಬೆಳಿಗ್ಗೆಯಿಂದ ಕೇಳಿದ ಪಾಠವೆಲ್ಲ ತಲೆಯಲ್ಲೇ ಉಳಿದು ಕಾಲು ತನ್ನ ರೂಢಿಯಂತೆ ಓಡಿತ್ತು.

ಸುಬೇದಾರರು ತಲೆ ಮೇಲೆ ಕೈ ಹೊತ್ತರು. "ಖರೇನ ಬಾಂಬ್ ಬಿದ್ದಿದ್ರ ಒಂದರಾಗ ಊರ ಹೋಗತಿತ್ತು" ಎಂದರು. ಜನ ಮುಖ ಮುಖ ನೋಡಿಕೊಂಡು ನಕ್ಕರು. ನಾನೂ ನಗುವವಳೇ ಇದ್ದೆ, ಅಷ್ಟರಲ್ಲಿ ಗುಂಪಿನಲ್ಲಿ ಶಾಂತವ್ವ ಕಂಡಳು. ಅವಳ ಸೊಂಟದಲ್ಲಿ ತುಂಬಿದ ಕೊಡ.

"ಶಾಂತವ್ವಾ, ನಮ್ಮ ಅತ್ತಿ ಎಲ್ಲಿ?"

ಅವಳು ಬಾಯಿ ಮೇಲೆ ಸೆರಗು ಇಟ್ಟುಕೊಂಡಳು.

ನಾನು ಮನೆಯತ್ತ ಓಡಿದೆ. ಅತ್ತೆ ಗಟಾರದ ಬದಿಯಲ್ಲಿ ಬಿದ್ದಿದ್ದರು. ಅವರೂ ಒಂದು ಚಂಬು ನೀರು ಹಿಡಿದು ಗೋಡೆ ತಡವುತ್ತ ಹೊರಟವರೇ! ಹಣೆ ಒಡೆದು ರಕ್ತ ಹರಿಯುತ್ತಿತ್ತು. ನರ್ಸಬಾಯಿ ಪಟ್ಟಿ ಕಟ್ಟಿದರು. "ಸಾಕ್ರಿ, ಇವತ್ತಿಗೆ ಮುಗಸೂಣು" ಎಂದು ಅಧಿಕಾರಿ ಜೀಪಿನ ಕಡೆ ಹೊರಟರು. ಅವರನ್ನು ಹೀಗೇ ಹೋಗಲು ಬಿಟ್ಟರೆ, ಯಜಮಾನರ ಪ್ರಶ್ನೆಗೆ ನನ್ನ ಹತ್ತಿರ ಎಂದಿಗೂ ಉತ್ತರ ಇರುವುದಿಲ್ಲ ಎನ್ನಿಸಿತು. ನಾನು ಜೀಪಿಗೆ ಅಡ್ಡ ನಿಂತೆ.

"ಇನ್ನೊಮ್ಮಿ ಮಾಡೂಣ್ರಿ. ಇವತ್ತ, ಹೊತ್ತ ಮುಳಗೂದ್ರಾಗ."

"ಜನಾ ಕೇಳ್ಬೇಕಲ್ಲವಾ?" ಎಂದರು ಅಧಿಕಾರಿ.

ಸುಬೇದಾರರು ನನ್ನ ಪರವಾಗಿ ಬಂದರು. "ನಮ್ಮ ಹೊಸಾ ಸಿಪಾಯಿಗಳೂ ಮೊದಲನೇ ದಿನ ತಪ್ಪ ಕಡೇನ ಓಡ್ತಾರ್ರಿ. ಎರಡನೇ ಸಲ ಕಲಿತಾರ."

ದಾರಿ ತೋರಿಸಿದವರು ಕಾಕಾನವರ ಹೆಂಡತಿ ಮಹಬೂಬಿ ಚಾಚಿ. "ಬೆಂಕಿ ಆರಸಾಕ ಓಡೂ ಮಂದಿಗೆ ಸುಮ್ನ ಕುಂದರ್ರಿ ಅಂದ್ರ ಹೆಂಗ ಕುಂದರ್ತಾರ? ಅವರಿಗೆ ಓಡಾಕ ಒಂದ ಮನಿ ತೋರಸ್ರಿ" ಎಂದರು. ಅದು ಎಲ್ಲರಿಗೂ ಹಿಡಿಸಿತು. ಸೈರನ್ ಕೂಗಿದರೆ ಯಾವ ಮನೆಯವರು ಯಾವ ಮನೆಗೆ ಓಡಬೇಕು, ಅಲ್ಲಿಂದ ಯಾರನ್ನು ಎತ್ತಿಕೊಂಡು ಎಲ್ಲಿ ಸೇರಬೇಕು ಎಂದು ಓಣಿಯಲ್ಲೇ ನಿಂತು ಗೊತ್ತು ಮಾಡಿದೆವು. ಬೆಂಕಿ ಆರಿಸುವ ಕೊಡಗಳು ತುಂಬಿ ಬಾಗಿಲ ಒಳಗಿರಬೇಕು, ಸೈರನ್ ಮತ್ತೆ ಕೂಗುವ ತನಕ ಹೊರಬರಬಾರದು.

ನಾನು ಅತ್ತೆಯ ಹತ್ತಿರವೇ ಇರುತ್ತೇನೆಂದೆ. ಹಣೆಗೆ ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದ ಅತ್ತೆ ಒಪ್ಪಲಿಲ್ಲ. "ನೀ ನಿನ್ನ ಜಾಗಾಕ್ಕ ಹೋಗಬೇ. ನನ್ನ ಯಾರ ಒಯ್ತಾರ ನಾನೂ ನೋಡ್ತೀನಿ" ಎಂದರು.

ಎರಡನೇ ಸಲ ಸೈರನ್ ಕೂಗಿತು. ಓಣಿಯಲ್ಲಿ ದಡದಡ ಓಡಾಟ, ಬಾಗಿಲು ಬಡಿದ ಸದ್ದು, ಆಮೇಲೆ ಏನೂ ಇಲ್ಲ. ಹೊತ್ತು ಮುಳುಗುವ ಮೊದಲೇ ನಮ್ಮೂರು ಅಷ್ಟು ಮೌನವಾದದ್ದನ್ನು ನಾನು ಕಂಡಿರಲಿಲ್ಲ. ನಾನು ನಿಂತಿದ್ದ ಮಸೂತಿ ಬಾಗಿಲಿನಿಂದ ನನ್ನ ಮನೆ ಕೂಗಿದರೆ ಕೇಳುವಷ್ಟು ದೂರ. ಓಡಿ ಹೋಗಿ ನೋಡಿ ಬರೋಣ ಎಂದು ಜೀವ ಚಡಪಡಿಸುತ್ತಿತ್ತು. ಹಲ್ಲು ಕಚ್ಚಿ ನಿಂತೆ. ಗಡಿಯಲ್ಲಿ ಯಜಮಾನರು ದಿನವೂ ಹೀಗೇ ನಿಲ್ಲುತ್ತಾರಲ್ಲ ಎಂದು ಅವತ್ತೇ ನನಗೆ ಸರಿಯಾಗಿ ತಿಳಿದದ್ದು.

ಅಪಾಯ ಮುಗಿಯಿತೆಂದು ಸೈರನ್ ಮತ್ತೆ ಕೂಗಿದಾಗ ನೇರ ಕಾಕಾನವರ ಮನೆಗೆ ಓಡಿದೆ. ಅತ್ತೆ ಒಳಕೋಣೆಯಲ್ಲಿ ಶಾಂತವ್ವ ಮತ್ತು ಚಾಚಿಯ ನಡುವೆ ಕೂತು ಬೈಯುತ್ತಿದ್ದರು. "ಮೂರು ಮಂದಿ ಬಂದು ಹೆಣಾ ಎತ್ತಿದಂಗ ಎತ್ತಿದ್ರು. ನೆಲಕ್ಕ ಕಾಲ ಹಚ್ಚಾಕ ಬಿಡಲಿಲ್ಲ ನೋಡ" ಎಂದರು. ಶಾಂತವ್ವ ಇನ್ನೂ ಅವರ ಕೈ ಬಿಟ್ಟಿರಲಿಲ್ಲ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ನಮ್ಮೂರ ತನಕ ಯುದ್ಧ ಬರಲಿಲ್ಲ. ನಾಲ್ಕಾರು ದಿನ ಬಿಟ್ಟು ಯಜಮಾನರ ಫೋನ್ ಬಂತು. ಅವ್ವನ ಸಲುವಾಗಿ ರಜೆ ಕೇಳಲೇನು ಎಂದರು.

"ಅತ್ತೀನ ನಮ್ಮ ಓಣಿ ನೋಡ್ಕೋತೇತ್ರಿ. ನೀವು ನಿಮ್ಮ ಜಾಗಾ ಬಿಟ್ಟ ಬರಬ್ಯಾಡ್ರಿ" ಎಂದೆ.